ಮಗಳನ್ನು ಪಿಜಿ ಬಿಡಿಸಿ ಕರೆದುಕೊಂಡು ಬರಲೇ?

ಅರಕಲಗೂಡು, ಬೇಲೂರು ಕಡೆಯಿಂದ ಮಗಳನ್ನು ಹಾಸನದ ಕಾಲೇಜಿಗೋ ಗಾರ್ಮೆಂಟ್ಸ್ ಕೆಲಸಕ್ಕೋ ಕಳುಹಿಸಿರುವ ತಾಯಂದಿರು ನನ್ನನ್ನು ಮತ್ತೆ ಮತ್ತೆ ಕೇಳುತ್ತಾರೆ: "ಪಿಜಿಯಲ್ಲಿ ಹುಡುಗಿಯರೂ ಕುಡಿಯುತ್ತಾರಂತೆ, ಗಾಂಜಾ ಸೇದುತ್ತಾರಂತೆ. ಬಿಡಿಸಿ ಕರೆದುಕೊಂಡು ಬಂದುಬಿಡಲೇ ಮೇಡಂ?" ಅದೇ ಊರಿನಲ್ಲಿ ರೂಮು ಮಾಡಿಕೊಂಡಿರುವ ಮಗನ ಬಗ್ಗೆ ಯಾರೂ ಹೀಗೆ ಕೇಳಿದ್ದಿಲ್ಲ.

ಬೇಡ. ಕೆಲವರು ಕುಡಿಯುವುದು ನಿಜ. ಆದರೆ ನನಗೆ ಹೆಚ್ಚು ಭಯವಾಗುವುದು ಈ 'ಬಿಡಿಸಿಬಿಡುತ್ತೇನೆ' ಎಂಬ ಮಾತಿಗೇ. ರೂಮಿನಲ್ಲಿ ಒಬ್ಬಳು ಕುಡಿದು ಎಚ್ಚರ ತಪ್ಪಿದಳೆನ್ನಿ. ವಾರ್ಡನ್‌ಗೆ ಗೊತ್ತಾದರೆ ಮನೆಗೆ ಫೋನ್ ಹೋಗುತ್ತದೆ, ಓದು ಅಲ್ಲಿಗೇ ನಿಲ್ಲುತ್ತದೆ ಎಂದು ಹೆದರಿ ಉಳಿದವರು ಬಾಗಿಲು ಹಾಕಿಕೊಂಡು, ನಿಂಬೆರಸ ಕುಡಿಸಿ, ಬೆಳಗಾಗುವುದನ್ನು ಕಾಯುತ್ತಾರೆ. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಅಂಗಾತ ಮಲಗಿದ್ದಾಗ ವಾಂತಿಯಾದರೆ ಅದು ಶ್ವಾಸನಾಳಕ್ಕಿಳಿದು ಉಸಿರು ಕಟ್ಟಬಹುದು. ಮಗ್ಗುಲಾಗಿ ಮಲಗಿಸಿ, 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಪಕ್ಕದಲ್ಲೇ ಇರಬೇಕು. ಹೆಣ್ಣಿನ ದೇಹದಲ್ಲಿ ನೀರಿನಂಶ ಕಡಿಮೆ. ಅಷ್ಟೇ ತೂಕದ ಗಂಡಸು ಕುಡಿದಷ್ಟನ್ನೇ ಕುಡಿದರೂ ಸಾಮಾನ್ಯವಾಗಿ ಅವಳ ರಕ್ತದಲ್ಲಿ ಮದ್ಯದ ಪ್ರಮಾಣ ಹೆಚ್ಚಿರುತ್ತದೆ.

ನಿದ್ರೆ ಮಾತ್ರೆಯ ಬಗ್ಗೆ ತಾಯಂದಿರು ಕೇಳುವುದೇ ಇಲ್ಲ, ಅದಕ್ಕೆ ವಾಸನೆಯಿಲ್ಲವಲ್ಲ. ರಾತ್ರಿ ಪಾಳಿ ಮುಗಿಸಿ ಬಂದವಳಿಗೆ ಹಗಲು ಕಣ್ಣು ಮುಚ್ಚುವುದಿಲ್ಲ, ಪರೀಕ್ಷೆಯ ದಿಗಿಲಿನವಳಿಗೆ ರಾತ್ರಿ. ನಿದ್ರೆಗೆಂದು ನುಂಗುವ ಆಲ್ಪ್ರಜೋಲಮ್‌ನಂಥ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಆದರೆ ಒಬ್ಬಳಿಗೆ ಬರೆದುಕೊಟ್ಟದ್ದು ರೂಮಿನವರಿಗೆಲ್ಲ ಹಂಚಿಹೋದರೆ ತಡೆಯುವವರು ಯಾರು? ಮದ್ಯದ ಮೇಲೆ ಈ ಮಾತ್ರೆ ಬಿದ್ದರೆ ಉಸಿರೇ ನಿಲ್ಲಬಹುದು. ದಿನವೂ ನುಂಗಿ ರೂಢಿಯಾದ ಮೇಲೆ ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ವೈದ್ಯರ ನಿಗಾದಲ್ಲಿ ಸ್ವಲ್ಪಸ್ವಲ್ಪವೇ ಇಳಿಸಬೇಕು. ಮಗಳನ್ನು ಎಳೆದುಕೊಂಡು ಹೋಗಿ ಮನೆಯೊಳಗೆ ಕೂರಿಸುವವರಿಗೆ ಈ ಅಪಾಯ ಗೊತ್ತಿರುವುದಿಲ್ಲ.

ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಮೊದಲು ಫೋನಿನಲ್ಲೇ ಮಾತನಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಮದ್ಯ, ಮಾದಕ ವಸ್ತುಗಳ ತೊಂದರೆಯೂ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಚಿಕಿತ್ಸೆಯ ವಿಷಯವನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ಊರಿಗೆ ಸುದ್ದಿಯಾಗುತ್ತದೆಂದು ಆಸ್ಪತ್ರೆಯ ಮೆಟ್ಟಿಲು ಹತ್ತದವರಿಗೆ ಇದನ್ನು ದಯವಿಟ್ಟು ಹೇಳಿ.

ಇವತ್ತು ರಾತ್ರಿ ಫೋನ್ ಮಾಡಿದಾಗ ಮಗಳಿಗೆ ಇಷ್ಟು ಹೇಳಿ: "ನಿನಗಾಗಲಿ, ನಿನ್ನ ರೂಮಿನವಳಿಗಾಗಲಿ ಏನೇ ಆದರೂ ಮೊದಲು 108, ಆಮೇಲೆ ನನಗೆ. ಓದು ಬಿಡಿಸುವುದಿಲ್ಲ." ಹೇಳಿದ ಮೇಲೆ ಆ ಮಾತಿಗೆ ತಪ್ಪಬೇಡಿ. ಅವಳ ಅಪ್ಪನಿಂದಲೂ ಅದೇ ಮಾತು ಹೇಳಿಸಿ.