ಸೇತುವೆ ಇಲ್ಲದ ಚಿತ್ರ

ಮೇ ಮೊದಲ ವಾರ. ಟೋಕಿಯೊದಲ್ಲಿ ಸಾಲು ರಜೆ. ಆಫೀಸಿನ ಜಪಾನಿ ಗೆಳತಿಯ ಜೊತೆ ನೆಜು ಮ್ಯೂಸಿಯಂಗೆ ಹೋಗಿದ್ದೆ. ಒಗಾಟ ಕೋರಿನ್ ಮುನ್ನೂರು ವರ್ಷಗಳ ಹಿಂದೆ ಬರೆದ ಐರಿಸ್ ಹೂಗಳ ಮಡಚುವ ಪರದೆಗಳನ್ನು ಅಲ್ಲಿ ವಸಂತದಲ್ಲಿ ಕೆಲವೇ ವಾರ ತೋರಿಸುತ್ತಾರೆ.

ಎರಡು ಪರದೆ. ಒಂದೊಂದಕ್ಕೂ ಆರು ಮಡಿಕೆ, ಮೂರು ಮೀಟರಿಗೂ ಜಾಸ್ತಿ ಅಗಲ. ಹಿಂದೆ ಪೂರ್ತಿ ಚಿನ್ನದ ಹಾಳೆ. ಮುಂದೆ ಕಡುನೀಲಿ ಹೂ, ಹಸಿರು ಎಲೆ. ಅಷ್ಟೇ. ನೀರು ಕೂಡ ಬರೆದಿಲ್ಲ. ಕೆಲವು ಹೂಗೊಂಚಲು ಅಚ್ಚು ಒತ್ತಿದ ಹಾಗೆ ಮತ್ತೆ ಮತ್ತೆ ಬರುತ್ತವೆ. ಕೋರಿನ್ ಕ್ಯೋಟೊದ ಬಟ್ಟೆ ವ್ಯಾಪಾರಿಗಳ ಮನೆಯವನು. ಸೀರೆಯ ಅಂಚು ನೋಡಿ ಬೆಳೆದ ನಮಗೆ ಆ ಕೈ ಬೇಗ ಗುರುತು ಸಿಗುತ್ತದೆ, ಅಲ್ವಾ?

"ಇದು ಬರೀ ಹೂವಲ್ಲ" ಅಂದಳು ಗೆಳತಿ. 'ಇಸೆ ಮೊನೊಗತಾರಿ' ಅನ್ನುವ ಸಾವಿರ ವರ್ಷ ಹಳೆಯ ಕಥೆ-ಪದ್ಯಗಳ ಪುಸ್ತಕದಲ್ಲಿ ಒಬ್ಬ ಕ್ಯೋಟೊ ಬಿಟ್ಟು ಪೂರ್ವಕ್ಕೆ ಹೊರಡುತ್ತಾನೆ. ಯತ್ಸುಹಾಶಿ ಅನ್ನುವಲ್ಲಿ ಹೊಳೆ ಎಂಟು ಕವಲಾಗಿ ಹರಿಯುತ್ತದೆ, ಎಂಟು ಹಲಗೆ ಸೇತುವೆ. ದಡದಲ್ಲಿ ಕಾಕಿತ್ಸುಬಾತಾ, ಅಂದರೆ ಇದೇ ಐರಿಸ್. ಹೂವಿನ ಹೆಸರಿನ ಐದು ಅಕ್ಷರಗಳಿಂದ ಐದು ಸಾಲು ಶುರುವಾಗುವ ಪದ್ಯ ಕಟ್ಟು ಅಂತ ಜೊತೆಗಾರ ಕೇಳುತ್ತಾನೆ. ಅವನು ಕಟ್ಟುತ್ತಾನೆ. ಉಟ್ಟು ಉಟ್ಟು ಮೈಗೆ ಒಗ್ಗಿದ ಬಟ್ಟೆಯ ಹಾಗೆ ಒಗ್ಗಿಹೋದ ಹೆಂಡತಿಯನ್ನು ಬಿಟ್ಟು ಎಷ್ಟು ದೂರ ಬಂದುಬಿಟ್ಟೆ ಅನ್ನುವ ಪದ್ಯ. ಎಲ್ಲರೂ ಅತ್ತು, ಬುತ್ತಿಯ ಒಣ ಅನ್ನ ಕಣ್ಣೀರಿಗೆ ನೆನೆದು ಉಬ್ಬಿತಂತೆ.

ನಾನು ಮತ್ತೆ ಪರದೆ ನೋಡಿದೆ. ಆ ಮನುಷ್ಯ ಇಲ್ಲ, ಪದ್ಯ ಇಲ್ಲ, ಸೇತುವೆಯೂ ಇಲ್ಲ. ಆಮೇಲೆ ಕೋರಿನ್ ಸೇತುವೆ ಇಟ್ಟು ಇನ್ನೊಂದು ಜೋಡಿ ಪರದೆ ಬರೆದ. ಅದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ನಾನು ಅದನ್ನು ಫೋಟೋದಲ್ಲಷ್ಟೇ ನೋಡಿದ್ದೇನೆ. ನನಗೆ ಈ ಮೊದಲನೆಯದೇ ಇಷ್ಟ. ಇಲ್ಲಿ ಹೊಳೆಯ ದಡದಲ್ಲಿ ನಿಂತು ನೋಡುವವರು ನಾವೇ.

ಕೆಳಗೆ ತೋಟದ ಕೊಳದಲ್ಲಿ ಅದೇ ಹೂ ಅರಳಿತ್ತು. ಅಲ್ಲಿಂದಲೇ ಶಿವಮೊಗ್ಗಕ್ಕೆ, ಹೆಂಡತಿಗೆ ಫೋನ್ ಮಾಡಿದೆ. ಹೂ ತೋರಿಸಿ ಕಥೆ ಹೇಳಿದೆ. ಅನ್ನ ಉಬ್ಬಿದ ಕಡೆ ಬಂದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಊಟ ಆಯ್ತಾ ನಿಮ್ದು?" ಅಂದಳು.