ಮೊದಲ ಬೆಚ್ಚನೆಯ ದಿನ ಕೈತೋಟದಲ್ಲಿ

ಗುಲಾಬಿಯ ಬರಿಗಡ್ಡಿಗಳ ಮೇಲೆ ಕಣ್ಣುಗಳು ಕೆಂಪಗೆ ಉಬ್ಬಿವೆ. ಚಳಿಗೆ ಮೊದಲೇ ಊರಿದ್ದ ಬೆಳ್ಳುಳ್ಳಿ ಗೇಣುದ್ದ ಎದ್ದು ನಿಂತಿದೆ. ಹಿಮ ಬೀಳುವ ನಾಡಿನ ಚಳಿಯಲ್ಲಿ ತಿಂಗಳುಗಟ್ಟಲೆ ಕೈಕಟ್ಟಿ ಕೂತವರಿಗೆ ಇಷ್ಟು ಕಂಡರೆ ಸಾಕು, ಗುದ್ದಲಿ ಎಲ್ಲಿದೆ ಅಂತ ಹುಡುಕುತ್ತೇವೆ. ವರ್ಷದ ಅಷ್ಟೂ ದಿನಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಈ ಹುರುಪೇ. ಆದರೆ ಇವತ್ತು ಗುದ್ದಲಿಗೆ ಕೆಲಸವಿಲ್ಲ. ಗಾಳಿ ಒಂದು ಮಧ್ಯಾಹ್ನದಲ್ಲಿ ಬೆಚ್ಚಗಾಗುತ್ತದೆ, ಮಣ್ಣಿಗೆ ವಾರಗಳೇ ಬೇಕು. ಬೀಜ ಬೀಳುವುದು ಮಣ್ಣಿಗೆ ತಾನೆ?

ಮೊದಲು ಮಣ್ಣಿನ ಹದ ನೋಡಬೇಕು. ಮೇಲ್ಪದರ ಬೆಳ್ಳಗೆ ಒಣಗಿ ಮೋಸ ಮಾಡುತ್ತದೆ, ಹಾಗಾಗಿ ನಾಲ್ಕು ಬೆರಳು ಆಳದಿಂದ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಸುಕಿ. ನೀರು ಒಸರಿದರೆ ಅಲ್ಲಿಗೇ ಬಿಡಿ. ಉಂಡೆಯಾಗಿ ನಿಂತು, ಹೆಬ್ಬೆರಳಿನಿಂದ ಒತ್ತಿದರೆ ಬರೀ ತಗ್ಗು ಬಿದ್ದರೆ ಇನ್ನೂ ಕಾಯಬೇಕು. ಒತ್ತಿದೊಡನೆ ಪುಡಿಪುಡಿಯಾಗಿ ಉದುರಿದರೆ ಹದ ಬಂದಿದೆ. ಜೇಡಿಮಣ್ಣಿನಲ್ಲಂತೂ ಇದನ್ನು ಮೀರಬಾರದು. ಒದ್ದೆಯಲ್ಲಿ ಅಗೆದರೆ ಕಣಗಳ ನಡುವಿನ ಗಾಳಿಗೂಡುಗಳು ಮುಚ್ಚಿಹೋಗುತ್ತವೆ, ಒಣಗಿದ ಮೇಲೆ ಕಲ್ಲಿನಂಥ ಹೆಂಟೆಗಳು ಉಳಿಯುತ್ತವೆ. ಒಂದು ಮಧ್ಯಾಹ್ನದ ಆತುರಕ್ಕೆ ಇಡೀ ಬೆಳೆಗಾಲ ಬೇರುಗಳು ಆ ಹೆಂಟೆಗಳ ಸುತ್ತ ಬಳಸಿಕೊಂಡು ಹೋಗಬೇಕಾಗುತ್ತದೆ. ಮಡಿಯ ಮೇಲೆ ಕಾಲಿಡುವುದೂ ಇಷ್ಟೇ ಕೆಟ್ಟದ್ದು. ಇಡಲೇಬೇಕಾದರೆ ಒಂದು ಹಲಗೆ ಹಾಕಿಕೊಳ್ಳಿ, ಭಾರ ಹಂಚಿಹೋಗುತ್ತದೆ.

ಹದ ಬಂದ ಮಣ್ಣಿಗೂ ಬಿಸಿ ಸಾಲದಿರಬಹುದು. ಥರ್ಮಾಮೀಟರನ್ನು 5 ಸೆಂಟಿಮೀಟರ್ ಆಳಕ್ಕೆ ಚುಚ್ಚಿ ಬೆಳಿಗ್ಗೆ ಎಂಟು, ಒಂಬತ್ತರ ಹೊತ್ತಿಗೆ ನೋಡಬೇಕು. ಮಧ್ಯಾಹ್ನದ ಅಂಕಿ ಹಿಗ್ಗಿಸುತ್ತದೆ, ಆದರೆ ರಾತ್ರಿಯ ತಣ್ಣನೆಯನ್ನು ಹೇಳುವುದಿಲ್ಲ. ಮೂರು ನಾಲ್ಕು ಬೆಳಿಗ್ಗೆ ಸತತವಾಗಿ ಒಂದೇ ಮಟ್ಟದಲ್ಲಿದ್ದರೆ ನಂಬಬಹುದು. ಪಾಲಕ್, ಬಟಾಣಿ, ಮೂಲಂಗಿ 5 ಡಿಗ್ರಿ ಸೆಲ್ಸಿಯಸ್‌ನಲ್ಲೂ ಮೊಳೆಯುತ್ತವೆ. ಮೊಳೆಯುತ್ತವೆ ಅಷ್ಟೆ: ಬಟಾಣಿಗೆ 5 ಡಿಗ್ರಿಯಲ್ಲಿ ಒಂದು ತಿಂಗಳು ದಾಟುತ್ತದೆ, 10 ಡಿಗ್ರಿಯಲ್ಲಿ ಎರಡು ವಾರ ಸಾಕು. ಈ ವಾರ ಬಿತ್ತಿದ ಸಾಲನ್ನು ಇನ್ನೆರಡು ವಾರ ಬಿಟ್ಟು ಬಿತ್ತಿದ ಸಾಲು ಹಿಡಿದುಬಿಡುವುದು ಇದೇ ಕಾರಣಕ್ಕೆ. ಅಷ್ಟು ದಿನ ತಣ್ಣನೆಯ ಒದ್ದೆಯಲ್ಲಿ ಬಿದ್ದಿದ್ದ ಬೀಜ ಕೊಳೆಯುವುದೂ ಉಂಟು, ಇಲಿಯ ಪಾಲಾಗುವುದೂ ಉಂಟು. ಬೀನ್ಸ್ ಮತ್ತು ಸೌತೆ ವಿಷಯದಲ್ಲಿ ರಾಜಿಯೇ ಇಲ್ಲ, 16 ಡಿಗ್ರಿ ಬರುವವರೆಗೆ ಡಬ್ಬಿಯಲ್ಲಿರಲಿ. ಬೀನ್ಸ್ ಬೀಜ ತಣ್ಣೀರು ಹೀರಿದರೆ ಒಳಗಿನ ಜೀವಕೋಶಗಳಿಗೇ ಪೆಟ್ಟು ಬೀಳುತ್ತದೆ, ಆಮೇಲೆ ಬಿಸಿಲು ಬಂದರೂ ಅದು ಚೇತರಿಸಿಕೊಳ್ಳುವುದಿಲ್ಲ.

ಕಾಯಲಾರದವರಿಗೆ ಒಂದು ದಾರಿ ಇದೆ. ಮಡಿಯ ಮೇಲಿನ ದಪ್ಪ ಹುಲ್ಲುಹೊದಿಕೆಯನ್ನು ಬದಿಗೆ ಸರಿಸಿ, ಏಕೆಂದರೆ ಬೇಸಿಗೆಯಲ್ಲಿ ತಂಪು ಕಾಯುವ ಹೊದಿಕೆ ಈಗಲೂ ತಂಪನ್ನೇ ಕಾಯುತ್ತದೆ. ಬರಿದಾದ ಮಣ್ಣಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹಾಸಿ, ಅಂಚಿಗೆ ಮಣ್ಣು ಮುಚ್ಚಿ. ಬಿಸಿಲು ಅದರ ಮೂಲಕ ನೇರವಾಗಿ ಮಣ್ಣಿಗೆ ಇಳಿದು ಬಿಸಿ ಒಳಗೇ ಉಳಿಯುತ್ತದೆ. ಕಪ್ಪು ಹಾಳೆಯಾದರೆ ತಾನು ಬಿಸಿಯಾಗಿ, ಮಣ್ಣಿಗೆ ತಾಗಿದಲ್ಲಿ ಮಾತ್ರ ಅದನ್ನು ದಾಟಿಸುತ್ತದೆ. ಪೊದೆಗಳ ಬುಡದ ತರಗೆಲೆಯನ್ನು ಮಾತ್ರ ಈಗಲೇ ಗುಡಿಸಬೇಡಿ. ಅದರಡಿ ಗುಲಗಂಜಿ ಹುಳಗಳು ಇನ್ನೂ ಚಳಿನಿದ್ದೆಯಲ್ಲಿರುತ್ತವೆ, ಮುಂದೆ ಗಿಡದ ಹೇನುಗಳನ್ನು ತಿನ್ನಲು ಅವೇ ಬೇಕು.

ಹೊರಗೆ ತಡೆದುಕೊಂಡ ಹುರುಪನ್ನೆಲ್ಲ ಒಳಗೆ ಸಸಿ ತಟ್ಟೆಗೆ ಧಾರೆಯೆರೆಯಬಹುದು. ಹಳೆಯ ಬೀಜಗಳಿದ್ದರೆ ಮೊದಲು ಪರೀಕ್ಷೆ ಆಗಲಿ. ಹತ್ತು ಬೀಜಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ, ಚೀಲಕ್ಕೆ ಹಾಕಿ ಬೆಚ್ಚಗಿಡಿ. ಎಂಟು ಮೊಳೆತರೆ ನಿಶ್ಚಿಂತೆ, ಐದಾದರೆ ಎರಡರಷ್ಟು ಬಿತ್ತಿ. ಟೊಮೆಟೊ ಬೀಜ ನಾಲ್ಕು ವರ್ಷವಾದರೂ ಜೀವ ಹಿಡಿದಿರುತ್ತದೆ, ಈರುಳ್ಳಿಯದನ್ನು ವರ್ಷವರ್ಷವೂ ಹೊಸದಾಗಿ ತರುವುದೇ ಸರಿ.

ಕೊನೆಯ ಹಿಮ ಬೀಳುವ ಅಂದಾಜು ದಿನದಿಂದ ಹಿಂದಕ್ಕೆ ಎಣಿಸಿ: ದಪ್ಪ ಮೆಣಸಿನಕಾಯಿಗೆ 8ರಿಂದ 10 ವಾರ, ಟೊಮೆಟೊಗೆ 6ರಿಂದ 8. ಇನ್ನೂ ಬೇಗ ಬಿತ್ತಿದರೆ ಲಾಭವಿಲ್ಲ, ಬೇರು ಸುತ್ತಿಕೊಂಡು ಸೊರಗಿದ ಸಸಿ ನೆಲಕ್ಕೆ ಹೋದ ಮೇಲೂ ತಡವರಿಸುತ್ತದೆ. ಬೀಜದ ದಪ್ಪದ ಎರಡು ಮೂರರಷ್ಟು ಆಳ ಸಾಕು. ಲೆಟ್ಯೂಸ್‌ಗೆ ಬೆಳಕು ಬೇಕು, ಮೇಲೆ ಉದುರಿಸಿ ಮೆಲ್ಲಗೆ ಒತ್ತಿದರಾಯಿತು. ಟೊಮೆಟೊ 25 ಡಿಗ್ರಿಯಲ್ಲಿ ಆರೇಳು ದಿನಕ್ಕೆ ಮೇಲೇಳುತ್ತದೆ, 15 ಡಿಗ್ರಿಯಲ್ಲಿ ಎರಡು ವಾರ ಹಿಡಿಯುತ್ತದೆ. ಮಣ್ಣನ್ನು ಸೀಳಿ ಬಗ್ಗಿದ ಕುತ್ತಿಗೆಯೊಂದು ಕಂಡ ಕ್ಷಣದ ಸಂಭ್ರಮಕ್ಕೆ ಎಣೆಯಿಲ್ಲ. ಆದರೆ ಆ ಕ್ಷಣದಿಂದಲೇ ಶಾಖ ತಗ್ಗಿಸಿ ಬೆಳಕು ಹೆಚ್ಚಿಸಬೇಕು. ಕಿಟಕಿಯ ಬೆಳಕು ಈ ಕಾಲದಲ್ಲಿ ಬಹುತೇಕ ಸಾಲುವುದಿಲ್ಲ. ಟ್ಯೂಬ್‌ಲೈಟನ್ನು ಎಲೆಗಳಿಂದ 5ರಿಂದ 10 ಸೆಂಟಿಮೀಟರ್ ಮೇಲೆ ತೂಗುಹಾಕಿ ದಿನಕ್ಕೆ 14ರಿಂದ 16 ಗಂಟೆ ಉರಿಸಿ. ಕಡಿಮೆಯಾದರೆ ಸಸಿ ಬೆಳಕನ್ನು ಹುಡುಕಿಕೊಂಡು ಉದ್ದುದ್ದ ಬೆಳೆದು ವಾಲುತ್ತದೆ.

ಇಲ್ಲಿ ಅತಿ ಹೆಚ್ಚು ಸಸಿಗಳನ್ನು ಕೊಲ್ಲುವುದು ನಮ್ಮದೇ ಅಕ್ಕರೆ, ಅಂದರೆ ಹೆಚ್ಚು ನೀರು. ರಾತ್ರಿ ನೆಟ್ಟಗಿದ್ದ ಸಸಿ ಬೆಳಿಗ್ಗೆ ಮಲಗಿರುತ್ತದೆ, ಮಣ್ಣಿಗೆ ತಾಗಿದ ಕಡೆ ಕಾಂಡ ದಾರದಷ್ಟು ತೆಳ್ಳಗಾಗಿರುತ್ತದೆ. ಇದು ರೈಜೋಕ್ಟೋನಿಯಾದಂಥ ಶಿಲೀಂಧ್ರಗಳ, ಶಿಲೀಂಧ್ರವನ್ನೇ ಹೋಲುವ ಪಿಥಿಯಂನಂಥ ರೋಗಾಣುಗಳ ಕೆಲಸ. ಬಿದ್ದ ಸಸಿಗೆ ಔಷಧವಿಲ್ಲ, ತಡೆಯುವುದೊಂದೇ ದಾರಿ. ಹಳೆಯ ತಟ್ಟೆಗಳನ್ನು ಒಂಬತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿ ಹತ್ತು ನಿಮಿಷ ನೆನೆಸಿ ತೊಳೆಯಿರಿ. ನೀರನ್ನು ತಲೆಯ ಮೇಲೆ ಸುರಿಯದೆ ತಟ್ಟೆಯ ಅಡಿಗೆ ಕೊಡಿ, ಅರ್ಧ ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ. ಮೊಳಕೆ ಕಂಡೊಡನೆ ಮುಚ್ಚಳ ತೆಗೆಯಿರಿ, ಚಿಕ್ಕ ಫ್ಯಾನ್ ಇದ್ದರೆ ಮೆಲ್ಲಗೆ ಗಾಳಿ ಆಡಲಿ. ಸಸಿಯನ್ನು ಬೇರೆ ಕುಂಡಕ್ಕೆ ಸಾಗಿಸುವಾಗ ಬೀಜದೆಲೆ, ಅಂದರೆ ಮೊಳಕೆಯ ಮೊದಲ ಎಲೆ, ಹಿಡಿಯಿರಿ, ಕಾಂಡವನ್ನಲ್ಲ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಸಸಿಯೇ ಹೋಯಿತು. ಟೊಮೆಟೊವನ್ನು ಬೀಜದೆಲೆಯ ತನಕ ಹೂತರೆ ಕಾಂಡದುದ್ದಕ್ಕೂ ಬೇರು ಬರುತ್ತದೆ.

ಕತ್ತರಿ ಹಿಡಿದವರಿಗೆ ಒಂದು ಮಾತು: ಗುಲಾಬಿಯನ್ನು ಈಗ ಸವರಬಹುದು, ಹೊರಮುಖದ ಕಣ್ಣಿನ ಅರ್ಧ ಸೆಂಟಿಮೀಟರ್ ಮೇಲೆ, ಓರೆಯಾಗಿ. ಹೋದ ವರ್ಷದ ಕಡ್ಡಿಯಲ್ಲೇ ವಸಂತಕ್ಕೆ ಹೂ ಬಿಡುವ ಪೊದೆಗಳನ್ನು ಮುಟ್ಟಬೇಡಿ. ಮೊಗ್ಗು ಆಗಲೇ ಅಲ್ಲಿದೆ, ಹೂ ಮುಗಿದ ಮೇಲೆ ಸವರಿ.

ಸಂಜೆ ಆಕಾಶ ತಿಳಿಯಾಗಿ, ಗಾಳಿ ನಿಂತಿದ್ದರೆ ಎಚ್ಚರ. ಮೋಡದ ಹೊದಿಕೆಯಿಲ್ಲದ ರಾತ್ರಿ ನೆಲದ ಬಿಸಿ ನೇರ ಮೇಲಕ್ಕೆ ಹೋಗುತ್ತದೆ. ಹವಾಮಾನ ವರದಿ 2 ಡಿಗ್ರಿ ಅಂದರೂ ನೆಲದ ಮಟ್ಟದಲ್ಲಿ ಹಿಮ ಕಟ್ಟಬಹುದು. ಬಟಾಣಿ, ಪಾಲಕ್ ಸಣ್ಣ ಹಿಮವನ್ನು ತಡೆದುಕೊಳ್ಳುತ್ತವೆ. ಎಳೆಯ ಲೆಟ್ಯೂಸ್‌ಗೆ, ಬಿಸಿಲು ರೂಢಿಯಾಗಲೆಂದು ಹೊರಗಿಟ್ಟ ಸಸಿಗಳಿಗೆ ಸೂರ್ಯ ಮುಳುಗುವ ಮೊದಲೇ ಹಳೆಯ ಬಟ್ಟೆ ಹೊದಿಸಿ, ನೆಲದಲ್ಲಿ ಉಳಿದ ಬಿಸಿ ಒಳಗೇ ಸಿಗುತ್ತದೆ. ಕಡ್ಡಿಗಳನ್ನು ಬಾಗಿಸಿ ಊರಿ ಅದರ ಮೇಲೆ ಹೊದಿಸಿದರೆ ಬಟ್ಟೆ ಎಲೆಗೆ ತಾಗುವುದಿಲ್ಲ, ಅಂಚು ನೆಲ ಮುಟ್ಟುತ್ತಿರಲಿ. ಪ್ಲಾಸ್ಟಿಕ್ ತಾಗಿದ ಎಲೆ ತಾಗಿದಲ್ಲೇ ಸುಡುತ್ತದೆ. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಹೊದಿಕೆ ತೆಗೆಯಿರಿ, ಮರೆತರೆ ಹಿಮದಿಂದ ಉಳಿದ ಸಸಿ ಹತ್ತು ಗಂಟೆಯ ಧಗೆಗೆ ಬಾಡುತ್ತದೆ.