6 ಅಡಿ, 17 ಸೆಕೆಂಡು

ಕಲಬುರಗಿ
ನವೆಂಬರ್ 16, ಭಾನುವಾರ, ರಾತ್ರಿ 10 ಗಂಟೆ

ಮಗಳು ಇವತ್ತು ನೀರಿಗೆ ಇಳಿಯಲಿಲ್ಲ. ಕಾರಿನ ಮೇಲೆ ಕಟ್ಟಿದ್ದ, ಅಲೆಗಳ ಮೇಲೆ ಜಾರಿ ಆಡುವ ಸರ್ಫಿಂಗ್ ಹಲಗೆಯನ್ನು ಬಿಚ್ಚದೆ ಹಾಗೆಯೇ ಮನೆಗೆ ಮರಳಿದಳು. ಹೋದ ಭಾನುವಾರವೂ ಮುನ್ಸೂಚನೆಯಲ್ಲಿ ಅಲೆಯ ಎತ್ತರ 6 ಅಡಿಯೇ ಇತ್ತು. ಅಂದು ಎರಡು ಗಂಟೆ ಮನಸಾರೆ ಆಡಿ ಬಂದಿದ್ದಳು. ಇವತ್ತೂ 6 ಅಡಿ. ಬದಲಾಗಿದ್ದು ಅದರ ಪಕ್ಕದ ಅಂಕಿ, ಅಲೆಯ ಅವಧಿ. ಅಂದು 9 ಸೆಕೆಂಡು ಇತ್ತು, ಇಂದು 17.

ಅವಳು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೆಲಸದಲ್ಲಿದ್ದಾಳೆ. ಆ ಊರಿನ ಪಶ್ಚಿಮದ ಅಂಚಿಗೆ ಓಷನ್ ಬೀಚ್ ಎಂಬ ಐದು ಕಿಲೋಮೀಟರಿಗೂ ಉದ್ದದ ಮರಳ ದಂಡೆಯಿದೆ. ಪೆಸಿಫಿಕ್ ಸಾಗರಕ್ಕೆ ಎದೆಯೊಡ್ಡಿ ನಿಂತ ದಂಡೆ ಅದು. ತಳದಲ್ಲಿ ಕಲ್ಲುಬಂಡೆಯಿದ್ದರೆ ಅಲೆ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಮುರಿಯುತ್ತದೆ. ಇಲ್ಲಿ ತಳವೆಲ್ಲ ಮರಳು. ಒಂದು ಬಿರುಗಾಳಿ ಹಾದುಹೋದರೆ ನೀರಿನೊಳಗಿನ ದಿಬ್ಬಗಳು ಜಾಗ ಬದಲಿಸುತ್ತವೆ. ಹೋದ ತಿಂಗಳು ಚೆನ್ನಾಗಿ ಮುರಿಯುತ್ತಿದ್ದ ಕಡೆ ಈ ತಿಂಗಳು ಬರಿಯ ನೊರೆ. ಒಳಗೆ ಹೋಗಲು ನೆಚ್ಚಿಕೊಳ್ಳುವಂಥ ದಾರಿಯೂ ಇಲ್ಲ. ಒಂದರ ಹಿಂದೊಂದು ಬರುವ ನೊರೆಯ ಗೋಡೆಗಳ ಅಡಿಯಲ್ಲಿ ಹಲಗೆಯನ್ನು ಮುಳುಗಿಸಿಕೊಂಡು ನುಸುಳುತ್ತ ಹೋಗಬೇಕು.

ಅಲ್ಲಿಗೂ ಇಲ್ಲಿಗೂ ಈಗ ಹದಿಮೂರೂವರೆ ಗಂಟೆಯ ಅಂತರ. ನಮ್ಮ ಸಂಜೆ ಏಳೂವರೆಗೆ ಅಲ್ಲಿ ಬೆಳಗಿನ ಆರು. ಸಂಜೆಯ ರೊಟ್ಟಿ ಮುಗಿಸಿ ಮಾಳಿಗೆಯ ಮೇಲೆ ಕುಳಿತು ಅವಳ ಕಡಲನ್ನು ಮೊಬೈಲಿನಲ್ಲಿ ಓದುವುದು ನನ್ನ ದಿನಚರಿಯಾಗಿ ಎರಡು ವರ್ಷವಾಯಿತು. ಅವಳ ಊರಿನಿಂದ ಸುಮಾರು 33 ಕಿಲೋಮೀಟರ್ ದೂರದ ಕಡಲಲ್ಲಿ, 46026 ಎಂಬ ಸಂಖ್ಯೆಯ ತೇಲುಮಾಪಕವೊಂದನ್ನು ಲಂಗರು ಹಾಕಿ ನಿಲ್ಲಿಸಿದ್ದಾರೆ. ಗಾಳಿ, ಅಲೆಯ ಎತ್ತರ, ಅವಧಿ, ನೀರಿನ ಉಷ್ಣತೆ ಎಲ್ಲವನ್ನೂ ಅದು ಹೊತ್ತುಹೊತ್ತಿಗೆ ಹೇಳುತ್ತದೆ. ಮುನ್ಸೂಚನೆ ಕಂಪ್ಯೂಟರಿನ ಲೆಕ್ಕ. ತೇಲುಮಾಪಕದ ಮಾತು ಕಣ್ಣಾರೆ ಕಂಡವರ ಸಾಕ್ಷಿಯಂತೆ. ಎರಡೂ ತಾಳೆಯಾಗದ ದಿನ ನಾನು ತೇಲುಮಾಪಕವನ್ನೇ ನಂಬುತ್ತೇನೆ. ಇವತ್ತು ಎರಡೂ ತಾಳೆಯಾಗಿದ್ದವು.

ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು ನಾನು. ಹಗ್ಗದ ಒಂದು ತುದಿಯನ್ನು ಕಿಟಕಿಗೆ ಕಟ್ಟಿ ಅಲೆ ಎಬ್ಬಿಸಿ ತೋರಿಸುತ್ತಿದ್ದೆ. ಆದರೆ ಅವಧಿ ಎಂಬ ಅಂಕಿಯ ತೂಕ ನನಗೆ ತಿಳಿದದ್ದು ಹೋದ ವರ್ಷದ ಡಿಸೆಂಬರಿನಲ್ಲಿ. ಅಂದು ಅವಳು ಎತ್ತರವನ್ನಷ್ಟೇ ನೋಡಿ ಇಳಿದಿದ್ದಳು. ಕಾಲಿಗೆ ಕಟ್ಟಿದ ಹಗ್ಗ ಹರಿದು ಹಲಗೆ ಕೈತಪ್ಪಿತು. ಸೆಳವು ಅವಳನ್ನು ಒಳಕ್ಕೆ ಎಳೆಯಿತು. ದಡ ಸೇರಲು ನಲವತ್ತು ನಿಮಿಷ ಹಿಡಿಯಿತು. ಆಮೇಲೆ ಬಂದ ಫೋನಿನಲ್ಲಿ ಮಾತಿಗಿಂತ ಹಲ್ಲು ಕಟಕಟಿಸುವ ಸದ್ದೇ ಹೆಚ್ಚು ಕೇಳಿಸಿತ್ತು. "ಬೆರಳು ಬಗ್ಗುತ್ತಿಲ್ಲ ಅಪ್ಪಾ, ಪಕ್ಕದವರು ನಂಬರ್ ಒತ್ತಿಕೊಟ್ಟರು" ಎಂದಿದ್ದಳು.

ಅವತ್ತು ರಾತ್ರಿ ನಾನು ಬಕೆಟ್ಟಿಗೆ ಐಸ್ ಸುರಿದು, ಥರ್ಮಾಮೀಟರ್ ಇಟ್ಟು, ನೀರನ್ನು 13 ಡಿಗ್ರಿಗೆ ತಂದು ಮೊಣಕೈವರೆಗೆ ಕೈ ಅದ್ದಿದೆ. ಮೊದಲ ನಿಮಿಷದಲ್ಲಿ ನೋವು, ಮೂಳೆಗೆ ತಾಗುವ ನೋವು. ಆಮೇಲೆ ನೋವು ಮಾಯವಾಗಿ ಕೈ ನನ್ನದಲ್ಲವೆನಿಸಿತು. ಹತ್ತು ನಿಮಿಷಕ್ಕೆ ಹೊರಗೆ ತೆಗೆದು ಅಂಗಿಯ ಗುಂಡಿ ಹಾಕಲು ನೋಡಿದೆ. ಆಗಲಿಲ್ಲ. ಹೆಂಡತಿ ಟವೆಲ್ ತಂದು ಕೈ ಒರೆಸುತ್ತ, "ಮಗು ಇಂಥ ನೀರಿನಲ್ಲಿ ಇರುತ್ತದೆಯೇ?" ಎಂದು ಕೇಳಿದಳು. ಮಗಳು ತೊಡುವ ರಬ್ಬರಿನ ಉಡುಪು, ವೆಟ್‌ಸೂಟ್, ಮೈಗೂ ರಬ್ಬರಿಗೂ ನಡುವೆ ತೆಳುವಾದ ನೀರಿನ ಪದರವನ್ನು ಹಿಡಿದಿಡುತ್ತದೆ, ಆ ನೀರನ್ನು ಮೈಯೇ ಬೆಚ್ಚಗೆ ಮಾಡಿಕೊಳ್ಳುತ್ತದೆ, ತಲೆಗೂ ಕಾಲಿಗೂ ಮುಸುಕಿದೆ ಎಂದೆಲ್ಲ ವಿವರಿಸಿದೆ. ಅವಳಿಗೆ ಸಮಾಧಾನವಾಗಲಿಲ್ಲ. ನನಗೂ ಆಗಿರಲಿಲ್ಲ.

(ಅಲ್ಲಿನ ನೀರು ಅತಿ ತಣ್ಣಗಾಗುವುದು ಚಳಿಗಾಲದಲ್ಲಲ್ಲ, ನಾವಿಲ್ಲಿ ಬಿಸಿಲಿನಲ್ಲಿ ಬೇಯುವ ಏಪ್ರಿಲ್, ಮೇ ತಿಂಗಳಲ್ಲಿ. ವಾಯವ್ಯದ ಗಾಳಿ ಮತ್ತು ಭೂಮಿಯ ತಿರುಗುವಿಕೆ ಸೇರಿ ಮೇಲಿನ ನೀರನ್ನು ದಡದಿಂದ ಆಚೆಗೆ ಸರಿಸುತ್ತವೆ. ಆ ಜಾಗಕ್ಕೆ ಆಳದ ತಣ್ಣೀರು ಮೇಲೇಳುತ್ತದೆ.)

ಈಗ ಆ 17ರ ಮಾತು. ಒಂದು ಅಲೆಯ ನೆತ್ತಿ ದಾಟಿದ ಮೇಲೆ ಮುಂದಿನ ನೆತ್ತಿ ಬರಲು ಹಿಡಿಯುವ ಹೊತ್ತೇ ಅವಧಿ. ಆಳದ ಕಡಲಲ್ಲಿ ಅವಧಿಯ ವರ್ಗವನ್ನು 1.56ರಿಂದ ಗುಣಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. 9 ಸೆಕೆಂಡಿನ ಅಲೆಗೆ 126 ಮೀಟರ್, 17 ಸೆಕೆಂಡಿನದಕ್ಕೆ 450. ತನ್ನ ಉದ್ದದ ಅರ್ಧದಷ್ಟು ಆಳದವರೆಗೂ ಅಲೆ ನೀರನ್ನು ಅಲುಗಿಸುತ್ತದೆ. ಮೊದಲನೆಯದು ಅರವತ್ತು ಮೀಟರಿನ ಮೇಲುಪದರದ ಚಡಪಡಿಕೆ. ಎರಡನೆಯದು ಇನ್ನೂರು ಮೀಟರಿಗೂ ಮಿಕ್ಕಿ ಆಳದ ನೀರಿನ ನಡಿಗೆ. ಎತ್ತರ ಒಂದೇ ಇದ್ದರೂ ಅದು ಹೊತ್ತು ತರುವ ಶಕ್ತಿ ಹತ್ತಿರಹತ್ತಿರ ಎರಡು ಪಟ್ಟು. ತಳ ತಾಗಿದಾಗ ಅದು ವೇಗ ತಗ್ಗಿ ಎದ್ದು ನಿಲ್ಲುತ್ತದೆ. ಸೂತ್ರ ಹಾಕಿ ನೋಡಿದೆ: ಅದೇ 6 ಅಡಿ, 9 ಸೆಕೆಂಡಿನದಾದರೆ ಮುರಿಯುವಾಗ ಸುಮಾರು 8 ಅಡಿ, 17 ಸೆಕೆಂಡಿನದಾದರೆ 10 ಅಡಿ.

ಅಲಾಸ್ಕಾ ಕೊಲ್ಲಿಯ ಕಡೆ, ಸುಮಾರು 2,500 ಕಿಲೋಮೀಟರ್ ದೂರದಲ್ಲಿ ಎದ್ದ ಬಿರುಗಾಳಿಯ ಅಲೆಗಳಿವು. ಇಂಥ ಅಲೆಗಳ ಗುಂಪು ಗಂಟೆಗೆ ಸುಮಾರು 48 ಕಿಲೋಮೀಟರ್ ಸಾಗುತ್ತದೆ. ನಮ್ಮೂರಿನಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನ ವೇಗ! ಎರಡು ದಿನಕ್ಕೂ ಸ್ವಲ್ಪ ಹೆಚ್ಚು ಹೊತ್ತಿನ ಪಯಣ. ಉದ್ದ ಅವಧಿಯವು ಮುಂದೆ, ಗಿಡ್ಡ ಅವಧಿಯವು ಹಿಂದೆ.

ಬೆಳಿಗ್ಗೆ ನಮ್ಮೂರಿನ ‘ಅಪ್ಪನ ಕೆರೆ’ಯ ಬಳಿ ಇದನ್ನೇ ನೋಡುತ್ತ ನಿಂತಿದ್ದೆ. ಗಾಳಿಯಿರಲಿಲ್ಲ. ಮುಷ್ಟಿಗಿಂತ ದೊಡ್ಡ ಕಲ್ಲೊಂದನ್ನು ಎಸೆದೆ. ಉಂಗುರಗಳ ಪಟ್ಟಿಯನ್ನು ಕಣ್ಣಿಟ್ಟು ನೋಡಿದರೆ ತಿಳಿಯುತ್ತದೆ: ಪಟ್ಟಿಯ ಹಿಂಬದಿಯಲ್ಲಿ ಹೊಸ ನೆತ್ತಿಯೊಂದು ಹುಟ್ಟುತ್ತದೆ, ಉಳಿದವನ್ನು ಹಾದು ಮುಂದೆ ಬರುತ್ತದೆ, ಮುಂಬದಿಯಲ್ಲಿ ಕರಗಿಹೋಗುತ್ತದೆ. ಒಂದೊಂದು ನೆತ್ತಿಯೂ ಗುಂಪಿನ ಎರಡು ಪಟ್ಟು ವೇಗದಲ್ಲಿ ಓಡುತ್ತಿರುತ್ತದೆ. ಇಷ್ಟು ವರ್ಷ ಆ ಕೆರೆಯ ಸುತ್ತ ನಡೆದಾಡಿಯೂ ನಾನಿದನ್ನು ಕಂಡಿರಲಿಲ್ಲ. ವಾಲ್ಟರ್ ಮುಂಕ್ ಎಂಬ ವಿಜ್ಞಾನಿ 1963ರಲ್ಲಿ ದಕ್ಷಿಣ ಸಾಗರದ ಬಿರುಗಾಳಿಯ ಅಲೆಗಳನ್ನು ನ್ಯೂಜಿಲೆಂಡಿನಿಂದ ಅಲಾಸ್ಕಾದವರೆಗೆ ಬೆನ್ನಟ್ಟಿ ಅಳೆದರು. 1944ರ ನಾರ್ಮಂಡಿ ದಾಳಿಗೆ ಅಲೆಗಳ ಮುನ್ಸೂಚನೆಯ ವಿಧಾನವನ್ನು ರೂಪಿಸಿದವರಲ್ಲಿ ಅವರೂ ಒಬ್ಬರು. ಮಗಳ ಮೊಬೈಲಿಗೆ ಇಂದು ಬರುವ ಅಂಕಿಗಳ ಬೇರು ಅಲ್ಲಿದೆ. ನಮ್ಮ ಕಡಲಿಗೆ ಇದೇ ಕೆಲಸ ಮಾಡುವ ಇನ್‌ಕೊಯಿಸ್ ಎಂಬ ಸಂಸ್ಥೆ ಇರುವುದು ಪಕ್ಕದ ಹೈದರಾಬಾದಿನಲ್ಲಿ. ದಕ್ಷಿಣದ ಸಾಗರದಿಂದ ಬಂದು, ಶುಭ್ರ ಆಕಾಶದ ಅಡಿಯಲ್ಲೇ ಕೇರಳದ ಮನೆಗಳಿಗೆ ನುಗ್ಗುವ ಕಳ್ಳಕ್ಕಡಲಿನ ಎಚ್ಚರಿಕೆಯನ್ನೂ ಅವರೇ ಕೊಡುತ್ತಾರೆ. ಅದೂ ಉದ್ದ ಅವಧಿಯ ಅಲೆಯೇ.

ರಾತ್ರಿ ಎಂಟಕ್ಕೆ ಫೋನ್ ಬಂತು. ಅಲ್ಲಿ ಆಗಷ್ಟೇ ಬೆಳಕು ಹರಿಯುತ್ತಿತ್ತು. ಮರಳ ದಿನ್ನೆಯ ಮೇಲೆ ನಿಂತಿದ್ದಳು.

"ಅಪ್ಪಾ, ಗಾಳಿ ನೆಲದ ಕಡೆಯಿಂದ ಬೀಸುತ್ತಿದೆ. ನೀರು ಗಾಜಿನ ಹಾಗಿದೆ. ದೊಡ್ಡ ಅಲೆ ಏನೂ ಇಲ್ಲ, ಇಳಿಯಲೇ?"

ಎದುರುಗಾಳಿ ಅಲೆಯ ಮುಖವನ್ನು ಎತ್ತಿ ಹಿಡಿಯುತ್ತದೆ, ನೀರು ನುಣ್ಣಗಿರುತ್ತದೆ. ಶರತ್ಕಾಲದ ಇಂಥ ಬೆಳಗಿಗಾಗಿ ಅಲ್ಲಿನವರು ವರ್ಷವಿಡೀ ಕಾಯುತ್ತಾರೆ. ಅವಳ ಆಸೆ ನನಗೆ ಅರ್ಥವಾಗುತ್ತದೆ.

"ಅಲೆಗಳು ಗುಂಪಾಗಿ ಬರುತ್ತವೆ. ಇಪ್ಪತ್ತು ನಿಮಿಷ ನೋಡು ತಾಯಿ. ಆಮೇಲೆ ನಿನ್ನಿಷ್ಟ" ಎಂದೆ.

ಫೋನ್ ಇಡಲಿಲ್ಲ. ಇಬ್ಬರೂ ಮಾತಾಡಲಿಲ್ಲ. ಅವಳ ಉಸಿರು, ಅದರ ಹಿಂದೆ ಕಡಲಿನ ಒಂದೇ ಸಮನೆಯ ಮೊರೆತ. ಇಲ್ಲಿ ಕೆಳಗೆ ಯಾರೋ ಗೇಟು ಹಾಕಿದರು. ಹದಿನಾಲ್ಕನೆಯ ನಿಮಿಷವಿರಬೇಕು, ಅವಳ ಉಸಿರು ಒಮ್ಮೆ ನಿಂತಿತು. ದಿಗಂತ ಕಪ್ಪಾಯಿತು ಎಂದಳು. ಆಮೇಲೆ ಎಣಿಸತೊಡಗಿದಳು. ಒಂದು, ಎರಡು, ಮೂರು... ಏಳರವರೆಗೆ. ಈ ತುದಿಯಿಂದ ಆ ತುದಿಯವರೆಗೆ ಒಮ್ಮೆಗೇ ಕುಸಿಯುವ ಗೋಡೆಗಳು, ಜಾರಿಹೋಗಲು ಎಲ್ಲೂ ಹೆಗಲು, ಅಂದರೆ ಇನ್ನೂ ಮುರಿಯದ ಬದಿ, ಇಲ್ಲದವು. ಸದ್ದು ನನಗೂ ಕೇಳಿಸಿತು; ಫೋನ್ ಕಿವಿಯಿಂದ ತುಸು ದೂರ ಹಿಡಿದೆ.

"ನಾನು ಆಗಲೇ ಇಳಿದಿದ್ದರೆ ಈಗ ಸರಿಯಾಗಿ ಆ ಮಧ್ಯದಲ್ಲಿ ಇರುತ್ತಿದ್ದೆ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಅವ್ವನಿಗೆ ಹೇಳಿ, ಇವತ್ತು ಮನೆಗೆ ಹೋಗಿ ಉಪ್ಪಿಟ್ಟು ಮಾಡಿಕೊಳ್ಳುತ್ತೇನೆ" ಎಂದಳು.

ಹೇಳಿದೆ. ಇವಳು ದೇವರ ಮುಂದಿನ ದೀಪಕ್ಕೆ ಇನ್ನಷ್ಟು ಎಣ್ಣೆ ಹಾಕಿದಳು.

ಈಗ ಮತ್ತೆ ನೋಡಿದೆ. ಬುಧವಾರ ಬೆಳಿಗ್ಗೆಗೆ ಅವಧಿ 12ಕ್ಕೆ ಇಳಿಯುತ್ತದೆ, ಎತ್ತರ 4 ಅಡಿ, ಗಾಳಿ ಪೂರ್ವದಿಂದ. ಕೆಲಸಕ್ಕೆ ಹೋಗುವ ಮುನ್ನ ಅವಳಿಗೆ ಒಂದು ಗಂಟೆ ಸಿಗುತ್ತದೆ. ಅಂದು ಇಲ್ಲಿ ರಾತ್ರಿ ಎಂಟಕ್ಕೆ ಮೊದಲೇ ಊಟ ಮುಗಿಸಿಕೊಳ್ಳಬೇಕು.